ಕೈಗೆ ಎಟಕುವಷ್ಟು ಹತ್ತಿರ

ಸ್ಕೂಬಾ ಡೈವಿಂಗ್‌ಗೆ ಇಬ್ಬಿಬ್ಬರ ಜೋಡಿಯಾಗಿ ಇಳಿಯುವುದು ಪದ್ಧತಿ. ದೋಣಿಯ ಮೇಲೆ ಎಲ್ಲರೂ ಅದಕ್ಕೆ ತಲೆಯಾಡಿಸುತ್ತಾರೆ. ನೀರೊಳಗೆ ಹೋದಮೇಲೆ ಒಬ್ಬರು ಆಮೆಯ ಹಿಂದೆ, ಇನ್ನೊಬ್ಬರು ಕ್ಯಾಮೆರಾದ ಹಿಂದೆ. ಒಂದೇ ಸಮುದ್ರದಲ್ಲಿ ಇದ್ದಾರೆ ಎಂಬುದನ್ನು ಬಿಟ್ಟರೆ ಅವರ ನಡುವೆ ಜೊತೆಯೆಂಬುದೇ ಇರುವುದಿಲ್ಲ. ಇದನ್ನು ನಾನು ಸಣ್ಣ ವಿಷಯವೆಂದು ಒಪ್ಪಲಾರೆ.

ಮುರುಡೇಶ್ವರದಿಂದ ಸುಮಾರು 20 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಒಮ್ಮೆ ಬಂಡೆಗಳ ಪಕ್ಕ ಈಜುತ್ತಿದ್ದೆವು. ಆಳ 14 ಮೀಟರ್ ಇದ್ದಿರಬೇಕು. ನೀರು ತುಸು ಮಂಕಾಗಿತ್ತು. ಪಕ್ಕದಲ್ಲಿದ್ದ ನನ್ನ ಜೊತೆಗಾರ ಇದ್ದಕ್ಕಿದ್ದಂತೆ ನಿಂತುಬಿಟ್ಟ. ಫಿನ್ ಬಡಿದರೂ ಮುಂದಕ್ಕೆ ಹೋಗುತ್ತಿಲ್ಲ. ಯಾರೋ ಬಿಟ್ಟುಹೋದ ನೈಲಾನ್ ಗಾಳದ ದಾರ ಅವನ ಸಿಲಿಂಡರ್‌ನ ವಾಲ್ವಿಗೆ ಸುತ್ತಿಕೊಂಡಿತ್ತು. ಅದು ಬೆನ್ನ ಹಿಂದೆ. ಅವನ ಕಣ್ಣಿಗೂ ಕಾಣದು, ಕೈಗೂ ಸಿಗದು. ಏನೆಂದು ನೋಡಲು ತಿರುಗಿದಷ್ಟೂ ದಾರ ಇನ್ನೊಂದು ಸುತ್ತು ಬೀಳುತ್ತದೆ. ನಾನು ಅವನ ಪಟ್ಟಿ ಹಿಡಿದು, ಮುಖಕ್ಕೆ ಮುಖ ಕೊಟ್ಟು ‘ನಿಲ್ಲು’ ಎಂದು ಅಂಗೈ ತೋರಿಸಿದೆ. ಅವನ ಉಸಿರು ನಿಧಾನವಾಗುವವರೆಗೆ ಕಾದು, ಹಿಂದೆ ಸರಿದು ಚಾಕುವಿನಿಂದ ದಾರ ಕತ್ತರಿಸಿದೆ. ಕೆಲಸ ಅಷ್ಟೇ. ಆದರೆ ಆ ಕೆಲಸ ಒಬ್ಬನಿಂದ ಆಗುವಂಥದ್ದಾಗಿರಲಿಲ್ಲ.

ಆ ಆಳದಲ್ಲಿ ಒತ್ತಡ ಮೇಲಿನದರ ಎರಡೂವರೆ ಪಟ್ಟಿನ ಹತ್ತಿರ ಇರುತ್ತದೆ, ಒಂದೊಂದು ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚು. ಹೆದರಿದವನು ಏದುಸಿರು ಬಿಟ್ಟರೆ ಸಿಲಿಂಡರ್ ಕಣ್ಣೆದುರೇ ಇಳಿಯುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು.

ಜೊತೆಗಾರನ ಬಳಿ ಇರುವ ಹಳದಿ ಕೊಳವೆಯ ಎರಡನೇ ರೆಗ್ಯುಲೇಟರ್ ನಿಜಕ್ಕೂ ನಿಮ್ಮದು. ನಿಮ್ಮ ಗಾಳಿ ನಿಂತಾಗ ಬಾಯಿಗಿಡಬೇಕಾದದ್ದು. ಉಸಿರು ಬಿಟ್ಟ ಮರುಗಳಿಗೆ ಗಾಳಿ ಬರುತ್ತಿಲ್ಲ ಎಂದು ತಿಳಿದರೆ, ಖಾಲಿ ಎದೆಯಲ್ಲಿ ಎಷ್ಟು ದೂರ ಈಜುತ್ತೀರಿ? ಎರಡು ಮೀಟರ್ ಆದೀತು. ಹತ್ತು ಮೀಟರ್ ನಾನು ನಂಬುವುದಿಲ್ಲ. ಕೂಗಲಾಗದು. ಸಿಲಿಂಡರ್ ತಟ್ಟಿದರೆ ಕೇಳಿಸುತ್ತದೆ ನಿಜ. ಆದರೆ ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಉಳಿದದ್ದು ಕಣ್ಣು ಮಾತ್ರ. ಮಾಸ್ಕ್ ಅದರ ಅಂಚನ್ನೂ ಕತ್ತರಿಸುತ್ತದೆ. ಹಾಗಾಗಿಯೇ ಒಬ್ಬರ ಹಿಂದೊಬ್ಬರು ಸಾಗುವುದು ನನಗೆ ಸರಿಬರುವುದಿಲ್ಲ. ಮುಂದಿನವನಿಗೆ ಹಿಂದಿನವನು ಇಲ್ಲವಾದದ್ದೇ ತಿಳಿಯದು. ಭುಜಕ್ಕೆ ಭುಜ ಇರಲಿ.

ಅಕಸ್ಮಾತ್ ಕಣ್ಮರೆಯಾದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೇರಿ ಅಲ್ಲಿ ಸೇರಬೇಕು. ದುಡ್ಡು ಕೊಟ್ಟಿದ್ದೇವೆ, ಡೈವ್ ಮುಗಿಸೋಣ ಎಂದು ಮುಂದುವರಿಯುವವರಿದ್ದಾರೆ. ಆಗ ಒಬ್ಬ ಮೇಲೆ ಕಾಯುತ್ತಿರುತ್ತಾನೆ, ಕೆಳಗಿರುವವನಿಗೆ ಏನಾಯಿತೆಂದು ತಿಳಿಯದೆ.

ಮೊದಲ ಬಾರಿ ಇಳಿಯುವಾಗ ತರಬೇತುದಾರ ನಿಮ್ಮನ್ನು ಹಿಡಿದೇ ಇರುತ್ತಾನೆ. ಸರ್ಟಿಫಿಕೇಟ್ ಸಿಕ್ಕ ಮೇಲೆ ಯಾರೂ ಹಿಡಿಯುವುದಿಲ್ಲ. ಆದ್ದರಿಂದ ದೋಣಿಯಲ್ಲೇ ಜೊತೆಗಾರನನ್ನು ಕೇಳಿ: ತೂಕದ ಬೆಲ್ಟ್ ಬಿಚ್ಚುವುದು ಹೇಗೆ, ಎರಡನೇ ರೆಗ್ಯುಲೇಟರ್ ಎಲ್ಲಿದೆ, ಸಿಲಿಂಡರ್‌ನಲ್ಲಿ ಎಷ್ಟು ಬಾರ್ ಗಾಳಿ ಉಳಿದಾಗ ಹಿಂತಿರುಗೋಣ. ‘ಅದೆಲ್ಲ ಬೇಡ, ನಾನು ಅಲ್ಲೇ ಎಲ್ಲೋ ಇರ್ತೀನಿ’ ಎಂದರೆ ಬೇರೆ ಜೊತೆಗಾರನನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ಆ ದಿನ ನೀರಿಗಿಳಿಯಬೇಡಿ.