ಕ್ಷಣಚಿತ್ರವೂ ಕಿರುಟಿಪ್ಪಣಿಯೂ

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಛಾಯಾಚಿತ್ರವಿದೆ. ಜಗಲಿಯ ಮೇಲೆ ಏಳು ಮಂದಿ ಕುಳಿತಿದ್ದಾರೆ. ಪಕ್ಕದಲ್ಲಿ ಒಂದು ತಾಮ್ರದ ಹಂಡೆ, ಹಿಂದೆ ಅರ್ಧ ತೆರೆದ ಬಾಗಿಲು. ಚಿತ್ರವು ಇಂದಿಗೂ ಸ್ಫುಟವಾಗಿದೆ. ಹೆಂಗಸೊಬ್ಬರ ಸೀರೆಯ ಅಂಚಿನ ಗೆರೆಗಳನ್ನು ಎಣಿಸಬಹುದು. ಆದರೆ ಆ ಏಳು ಮಂದಿಯಲ್ಲಿ ಇಬ್ಬರನ್ನು ಮಾತ್ರ ನಾವು ಗುರುತಿಸಬಲ್ಲೆವು. ಉಳಿದವರ ಹೆಸರನ್ನು ಬಲ್ಲವರಾಗಿದ್ದ ನಮ್ಮ ಅಜ್ಜಿ ಈಗ ಇಲ್ಲ. ಅವರಿದ್ದಾಗ ಕೇಳಬೇಕೆಂದು ನಮಗೆ ತೋಚಲಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು 4.7 ಎಂದಷ್ಟೇ ಬರೆದು ತಂದರೆ, "ಇದೇನು, ಸೆಂಟಿಮೀಟರೋ ವೋಲ್ಟೋ?" ಎಂದು ಗದರಿಸುವ ನಾವೇ ನಮ್ಮ ಮನೆಯ ಚಿತ್ರಕ್ಕೆ ಮಾನವನ್ನು ಬರೆಯದೆ ಬಿಟ್ಟಿದ್ದೆವು.

ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಚಿತ್ರ ತೆಗೆಯುವ ಸಾಧನವಿದೆ. ದಿನನಿತ್ಯದ ಬದುಕನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆ ಸಾಧ್ಯವಾಯಿತು, ಚಿತ್ರವು ಯಾವುದನ್ನು ಉಳಿಸುತ್ತದೆ, ಯಾವುದನ್ನು ಉಳಿಸಲಾರದು ಎಂಬುದನ್ನು ಪರಿಶೀಲಿಸೋಣ.

ಜನರು ಮಾಯವಾದ ಬೀದಿ

ಫ್ರಾನ್ಸ್ ದೇಶದ ನಿಸೆಫೋರ್ ನಿಯೆಪ್ಸನು 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರವು ಇಂದಿಗೆ ಉಳಿದಿರುವ ಕ್ಯಾಮೆರಾ ಚಿತ್ರಗಳಲ್ಲೆಲ್ಲ ಅತ್ಯಂತ ಹಳೆಯದು. ಅದಕ್ಕೆ ಹಲವು ಗಂಟೆಗಳ ಬೆಳಕು ಬೇಕಾಯಿತು. ಅಷ್ಟರಲ್ಲಿ ಸೂರ್ಯನು ಆಕಾಶದಲ್ಲಿ ಬಹುದೂರ ಸರಿದಿದ್ದುದರಿಂದ, ಎದುರುಬದುರಾದ ಎರಡು ಗೋಡೆಗಳ ಮೇಲೂ ಬಿಸಿಲು ಬಿದ್ದಂತೆ ಚಿತ್ರದಲ್ಲಿ ಕಾಣುತ್ತದೆ!

1838ರಲ್ಲಿ ಲೂಯಿ ದಾಗೇರನು ಪ್ಯಾರಿಸ್ ನಗರದ ಒಂದು ದೊಡ್ಡ ಬೀದಿಯ ಚಿತ್ರವನ್ನು ತೆಗೆದನು. ಗಾಡಿಗಳೂ ಜನರೂ ಓಡಾಡುವ ಬೀದಿಯದು. ಆದರೆ ಚಿತ್ರದಲ್ಲಿ ಅದು ಬಹುಮಟ್ಟಿಗೆ ನಿರ್ಜನವಾಗಿದೆ. ಬೆಳಕಿಗೆ ಒಡ್ಡಿದ ಕಾಲ ಹಲವು ನಿಮಿಷಗಳು. ಚಲಿಸುತ್ತಿದ್ದವರಾರೂ ಒಂದೆಡೆ ನಿಲ್ಲದುದರಿಂದ ಅವರ ಬಿಂಬವು ತಗಡಿನ ಮೇಲೆ ಮೂಡುವಷ್ಟು ಬೆಳಕು ಒಂದೇ ಸ್ಥಳದಲ್ಲಿ ಸೇರಲಿಲ್ಲ. ಬೀದಿಯ ಮೂಲೆಯಲ್ಲಿ ಒಂದು ಕಾಲನ್ನೆತ್ತಿ ಬೂಟಿಗೆ ಹೊಳಪು ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬನು ಮಾತ್ರ ಸ್ಪಷ್ಟವಾಗಿ ಉಳಿದನು. ನಿತ್ಯ ಜೀವನವೆಂದರೆ ಚಲನೆ. ಆ ಚಲನೆಯೇ ಅಂದಿನ ಚಿತ್ರಕ್ಕೆ ಅಗೋಚರವಾಗಿತ್ತು.

1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜೆಲಾಟಿನ್ ಲೇಪಿಸಿದ ಫಲಕವನ್ನು ಸೂಚಿಸಿದನು. ಇತರರ ಕೈಯಲ್ಲಿ ಅದು ಸುಧಾರಿಸಿ, ಬೆಳಕಿಗೆ ಒಡ್ಡುವ ಕಾಲವು ಸೆಕೆಂಡಿನ ಸಣ್ಣ ಭಾಗಕ್ಕೆ ಇಳಿಯಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರಾಟಕ್ಕೆ ತಂದ ಕೊಡಾಕ್ ಕ್ಯಾಮೆರಾದೊಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ ಇತ್ತು; ಸುರುಳಿ ಮುಗಿದೊಡನೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. 1900ರಲ್ಲಿ ಒಂದು ಡಾಲರಿನ 'ಬ್ರೌನಿ' ಕ್ಯಾಮೆರಾ ಬಂದಿತು. ಅಡಿಗೆಮನೆ, ಅಂಗಳ, ಆಟವಾಡುವ ಮಕ್ಕಳು ಇವೆಲ್ಲವೂ ಚಿತ್ರಯೋಗ್ಯವೆನಿಸಿದವು.

ಒಂದು ಸಣ್ಣ ಲೆಕ್ಕ

ಸೈಕಲ್ ಸವಾರನೊಬ್ಬನು ನಮ್ಮೆದುರಿಗೆ 8 ಮೀಟರ್ ದೂರದಲ್ಲಿ, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಅಡ್ಡಲಾಗಿ ಹೋಗುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ನಮ್ಮ ಕ್ಯಾಮೆರಾವು 1/100 ಸೆಕೆಂಡು ಬೆಳಕನ್ನು ಒಳಗೆ ಬಿಡುತ್ತದೆ. ಅಷ್ಟರಲ್ಲಿ ಅವನು 4 ಸೆಂ.ಮೀ. ಮುಂದೆ ಸರಿಯುತ್ತಾನೆ. ಬಿಂಬವು ಎಷ್ಟು ಸರಿಯುತ್ತದೆ? ವಸ್ತುವು ದೂರದಲ್ಲಿರುವಾಗ, ವಸ್ತುವಿನ ಸರಿತವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿದರೆ ಸಾಕು. ಮೊಬೈಲ್ ಫೋನಿನ ಮಸೂರದ ಸಂಗಮದೂರವನ್ನು 5 ಮಿ.ಮೀ. ಎಂದು ಹಿಡಿದರೆ,

40 ಮಿ.ಮೀ. × 5 ÷ 8000 = 0.025 ಮಿ.ಮೀ.

ಅಂದರೆ 25 ಮೈಕ್ರೊಮೀಟರ್. ಬಿಂಬವನ್ನು ಗ್ರಹಿಸುವ ಪಿಕ್ಸೆಲ್‌ಗಳ ಅಗಲ 1.5 ಮೈಕ್ರೊಮೀಟರ್ ಆಗಿದ್ದರೆ, ಬಿಂಬವು ಸುಮಾರು 17 ಪಿಕ್ಸೆಲ್‌ಗಳಷ್ಟು ಹರಡಿಕೊಳ್ಳುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಸವಾರನು ಮಸುಕಾಗಿ ಕಾಣುವುದಕ್ಕೆ ಇದೇ ಕಾರಣ. ಕಾಲವನ್ನು 1/1000 ಸೆಕೆಂಡಿಗೆ ಇಳಿಸಿದರೆ ಮಸುಕು ಎರಡು ಪಿಕ್ಸೆಲ್‌ಗಳಿಗಿಂತ ಕಡಿಮೆಯಾಗುತ್ತದೆ. ಆದರೆ ಒಳಬರುವ ಬೆಳಕೂ ಹತ್ತನೆಯ ಒಂದು ಪಾಲಾಗುತ್ತದೆ. ಆದುದರಿಂದಲೇ ಹಗಲಿನ ಅಂಗಳದಲ್ಲಿ ಓಡುವ ಮಗು ಸ್ಪಷ್ಟವಾಗಿಯೂ, ಸಂಜೆಯ ನಡುಮನೆಯಲ್ಲಿ ಮಸುಕಾಗಿಯೂ ಮೂಡುತ್ತದೆ. ಮಸುಕಾದ ಚಿತ್ರವನ್ನು ಅಳಿಸಿಹಾಕುವ ಮೊದಲು ಒಮ್ಮೆ ಯೋಚಿಸಬೇಕು: ಆ ಮಸುಕು ಕೇವಲ ದೋಷವಲ್ಲ, ವೇಗದ ಅಳತೆಯೂ ಹೌದು.

ಚಿತ್ರದಂಚಿನ ಬರಹ

ಸ್ಫುಟವಾದ ಚಿತ್ರವೂ ಮೂಕವೇ ಎಂಬುದನ್ನು ಕ್ಯಾಮೆರಾ ತಯಾರಕರು ಬೇಗನೆ ಅರಿತುಕೊಂಡರು. ಹೆನ್ರಿ ಗೈಸ್‌ಮನ್ ಎಂಬ ಸಂಶೋಧಕನ ಪೇಟೆಂಟನ್ನು ಕೊಂಡು ಈಸ್ಟ್‌ಮನ್ ಸಂಸ್ಥೆಯು 1914ರಲ್ಲಿ 'ಆಟೋಗ್ರಾಫಿಕ್' ಕ್ಯಾಮೆರಾವನ್ನು ಹೊರತಂದಿತು. ಅದರ ಬೆನ್ನಿನಲ್ಲಿ ಒಂದು ಕಿರುಬಾಗಿಲು. ಜೊತೆಗೆ ಒಂದು ಲೋಹದ ಕಡ್ಡಿ. ಫಿಲ್ಮಿಗೂ ಅದರ ಹಿಂದಿನ ಕಾಗದಕ್ಕೂ ನಡುವೆ ತೆಳುವಾದ ಇಂಗಾಲದ ಹಾಳೆ ಇರುತ್ತಿತ್ತು. ಚಿತ್ರ ತೆಗೆದ ಬಳಿಕ ಬಾಗಿಲನ್ನು ತೆರೆದು ಕಡ್ಡಿಯಿಂದ ಒತ್ತಿ ಬರೆದರೆ, ಬರೆದ ಗೆರೆಗಳ ಮೂಲಕ ಬೆಳಕು ನುಸುಳುತ್ತಿತ್ತು. ಕೆಲವು ಸೆಕೆಂಡು ಬಾಗಿಲನ್ನು ಆಕಾಶದ ಕಡೆಗೆ ಹಿಡಿದರೆ ಬರಹವು ಫಿಲ್ಮಿನ ಅಂಚಿನಲ್ಲಿಯೇ ಅಚ್ಚಾಗುತ್ತಿತ್ತು. ಚಿತ್ರವನ್ನು ಬರೆದ ಬೆಳಕೇ ಟಿಪ್ಪಣಿಯನ್ನೂ ಬರೆಯುತ್ತಿತ್ತು!

ಇಂದಿನ ಡಿಜಿಟಲ್ ಕ್ಯಾಮೆರಾವು ದಿನ, ವೇಳೆ, ಬೆಳಕಿಗೆ ಒಡ್ಡಿದ ಕಾಲ, ಅನುಮತಿಯಿದ್ದರೆ ಸ್ಥಳ, ಇವುಗಳನ್ನು ಚಿತ್ರದ ಕಡತದಲ್ಲಿಯೇ ದಾಖಲಿಸುತ್ತದೆ. 'ಎಕ್ಸಿಫ್' ಎಂದು ಕರೆಯಲಾಗುವ ಈ ಕ್ರಮವು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಆದರೆ ಚಿತ್ರವನ್ನು ಸಂದೇಶವಾಗಿ ಕಳುಹಿಸುವಾಗ ಈ ವಿವರಗಳು ಅನೇಕ ವೇಳೆ ಕಳಚಿಹೋಗುತ್ತವೆ. ಅಲ್ಲದೆ ಯಂತ್ರವು 'ಎಲ್ಲಿ, ಯಾವಾಗ' ಎಂಬುದನ್ನು ಹೇಳಬಲ್ಲುದೇ ಹೊರತು, 'ಯಾರು, ಏಕೆ' ಎಂಬುದನ್ನು ಹೇಳಲಾರದು.

ಟಿಪ್ಪಣಿಯನ್ನು ಬರೆಯುವ ಬಗೆ

"ಸೊಗಸಾದ ಬೆಳಗು" ಎಂಬುದು ಅಭಿಪ್ರಾಯ. ಅದು ಹತ್ತು ವರ್ಷಗಳ ಬಳಿಕ ಏನನ್ನೂ ತಿಳಿಸದು. ಇದನ್ನು ನೋಡಿ: "ಫೆಬ್ರವರಿ 12, ಬೆಳಿಗ್ಗೆ 7-40. ಓಣಿಯ ತಿರುವಿನ ಹೊಂಗೆಮರ. ಅರ್ಧದಷ್ಟು ಎಲೆ ಉದುರಿದೆ. ಕೆಳಗಿನ ಕೊಂಬೆಯಲ್ಲಿ ಚಿಗುರು. ಬೀದಿ ಗುಡಿಸುವವರು ಇಂದು ಎರಡು ಬುಟ್ಟಿ ಎಲೆ ತುಂಬಿದರು." ಇಲ್ಲಿ ಕಾಲ, ಸ್ಥಳ, ವಸ್ತು, ಒಂದು ಅಳತೆ, ಜೊತೆಗೆ ಚಿತ್ರದ ಚೌಕಟ್ಟಿನ ಹೊರಗಿದ್ದ ಒಂದು ಸಂಗತಿ, ಹೀಗೆ ಐದು ಅಂಶಗಳಿವೆ. ಇಷ್ಟು ಬರೆಯಲು ಎರಡು ನಿಮಿಷ ಸಾಕು. ಅಂದಿನ ಟಿಪ್ಪಣಿಯನ್ನು ಅಂದೇ ಬರೆಯಬೇಕು; ನೆನಪು ತಾನು ಮರೆತುದನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಜನರ ಚಿತ್ರವನ್ನು ತೆಗೆಯುವಾಗ ಅವರ ಒಪ್ಪಿಗೆಯನ್ನು ಕೇಳುವುದು ನಮ್ಮ ಕರ್ತವ್ಯ.

ಇಂತಹ ಅಲ್ಪ ಟಿಪ್ಪಣಿಗಳಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂಗಳು ಅರಳಿದ ದಿನವನ್ನು ಆಸ್ಥಾನಿಕರೂ ಸಂನ್ಯಾಸಿಗಳೂ ತಮ್ಮ ದಿನಚರಿಗಳಲ್ಲಿ ಬರೆದಿಡುತ್ತಿದ್ದರು. ಅವರು ವಿಜ್ಞಾನಕ್ಕಾಗಿ ಬರೆದವರಲ್ಲ; ಹೂವಿನ ಉತ್ಸವಕ್ಕೆ ಹೋದುದನ್ನು ಬರೆದವರು. ಯಾಸುಯುಕಿ ಅವೊನೊ ಎಂಬ ವಿಜ್ಞಾನಿಯು ಆ ದಾಖಲೆಗಳನ್ನು ಕ್ರಿ.ಶ. 812ರಿಂದ ಕಲೆಹಾಕಿದರು. 2021ರಲ್ಲಿ ಹೂಗಳು ಮಾರ್ಚ್ 26ರಂದೇ ಪೂರ್ಣವಾಗಿ ಅರಳಿದಾಗ, ಅದುವರೆಗಿನ ದಾಖಲೆಗಳಲ್ಲೆಲ್ಲ ಅದೇ ಅತಿ ಮುಂಚಿನ ದಿನವೆಂದು ತಿಳಿದುಬಂದಿತು. ವಾತಾವರಣವು ಬಿಸಿಯೇರುತ್ತಿರುವುದಕ್ಕೆ ಸಾವಿರ ವರ್ಷಗಳ ಹಿಂದಿನ ಮನುಷ್ಯನೊಬ್ಬನ ಒಂದು ಸಾಲು ಸಾಕ್ಷಿಯಾಯಿತು.

ಒಂದು ಅಭ್ಯಾಸ

ಒಂದು ಮೀಟರ್ ಉದ್ದದ ಕೋಲನ್ನು ಮಾಳಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನದ ಅತ್ಯಂತ ಗಿಡ್ಡ ನೆರಳನ್ನು ಅಳತೆಪಟ್ಟಿಯೊಡನೆ ವಾರಕ್ಕೊಮ್ಮೆ ಚಿತ್ರಿಸಿರಿ. ಬೆಂಗಳೂರಿನಲ್ಲಿ ಆ ವೇಳೆ ಗಡಿಯಾರದ 12 ಅಲ್ಲ, ಸುಮಾರು 12-20. ಡಿಸೆಂಬರ್ 21ರಂದು ನೆರಳು ಸುಮಾರು 74 ಸೆಂ.ಮೀ., ಮಾರ್ಚ್ 21ರಂದು ಸುಮಾರು 23 ಸೆಂ.ಮೀ. ಇರುತ್ತದೆ; ಏಪ್ರಿಲ್ 24ರ ಸುಮಾರಿಗೆ ಅದು ಇಲ್ಲವಾಗುತ್ತದೆ. ಈ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಯ ಅಕ್ಷದ ಓರೆಯು ನಿಮ್ಮ ಮನೆಯ ಮಾಳಿಗೆಯ ಮೇಲೆಯೇ ಕಾಣಿಸಿಕೊಳ್ಳುತ್ತದೆ. ದಿನಾಂಕವನ್ನು ಬರೆಯದಿದ್ದರೆ ಅವು ಕೇವಲ ಕೋಲಿನ ಚಿತ್ರಗಳು.

ಎರಡನೆಯ ಅಭ್ಯಾಸವು ಇನ್ನೂ ಸುಲಭ. ಆದರೆ ಅದಕ್ಕೆ ಕಾಲಾವಕಾಶ ಕಡಿಮೆ. ಈ ಸಂಜೆ ಮನೆಯ ಹಳೆಯ ಚಿತ್ರಗಳನ್ನು ಹೊರತೆಗೆದು, ಹಿರಿಯರ ಬಳಿ ಕುಳಿತು, ಯಾರು ಯಾರೆಂದು ಕೇಳಿರಿ. ಚಿತ್ರದ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ, ಒತ್ತದೆ, ಹೆಸರುಗಳನ್ನು ಬರೆಯಿರಿ. ನಮ್ಮ ಪೆಟ್ಟಿಗೆಯ ಚಿತ್ರದ ಹಿಂದೆ ನಾವೂ ಬರೆದಿದ್ದೇವೆ: ಎರಡು ಹೆಸರುಗಳು, ಐದು ಖಾಲಿ ಗೆರೆಗಳು.