ಎಚ್.ಐ.ವಿ. ಸೋಂಕು ಮತ್ತು ರಕ್ತಹೀನತೆ

ವೈದ್ಯರು ರೋಗಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, “ರಕ್ತ ಕಡಮೆಯಾಗಿದೆ” ಎಂದು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಮೈಯಲ್ಲಿರುವ ರಕ್ತದ ಮೊತ್ತವೇ ಇಳಿದುಹೋಗಿದೆಯೆಂದು ಇದರ ಅರ್ಥವಲ್ಲ. ಶ್ವಾಸಕೋಶಗಳಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೂ ಮುಟ್ಟಿಸುವ ಹಿಮೊಗ್ಲೋಬಿನ್ ಎಂಬ ಕೆಂಪು ವಸ್ತುವು ರಕ್ತದಲ್ಲಿ ಸಾಕಷ್ಟಿಲ್ಲವೆಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಪಡಿಸಿರುವ ಪ್ರಕಾರ, ೧೦೦ ಮಿಲಿಲೀಟರ್ ರಕ್ತದಲ್ಲಿ ಈ ವಸ್ತುವು ವಯಸ್ಕ ಗಂಡಸರಲ್ಲಿ ೧೩ ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ ೧೨ ಗ್ರಾಂಗಿಂತ ಕಡಮೆಯಾದರೆ ಅದು ರಕ್ತಹೀನತೆ.

ಎಚ್.ಐ.ವಿ. ಸೋಂಕುಳ್ಳ ವಯಸ್ಕರಲ್ಲಿ ಈ ತೊಂದರೆಯು ಬಹಳವಾಗಿ ಕಾಣಬರುತ್ತದೆ. ಆದರೆ ಆ ವೈರಸ್ಸು ಮುಖ್ಯವಾಗಿ ಹಾಳುಗೆಡವುವುದು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯನ್ನು. ಹಾಗಿರುವಾಗ ಕೆಂಪು ಕಣಗಳು ಸೊರಗುವುದೇಕೆ? ಇದನ್ನು ಅರಿಯದಿದ್ದರೆ ಚಿಕಿತ್ಸೆಯು ದಾರಿ ತಪ್ಪುವುದು.

ಮೊದಲು ಕೆಂಪು ಕಣದ ಹುಟ್ಟನ್ನು ನೋಡೋಣ. ಮೂಳೆಗಳ ಒಳಗಿನ ಮಜ್ಜೆಯು ಕ್ಷಣವೊಂದಕ್ಕೆ ಸುಮಾರು ೨೦ ಲಕ್ಷ ಕೆಂಪು ಕಣಗಳನ್ನು ತಯಾರಿಸುತ್ತದೆ. ಒಂದೊಂದು ಕಣದ ಆಯುಸ್ಸು ಸುಮಾರು ೧೨೦ ದಿನ. ಈ ಕೆಲಸಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-೧೨ ಜೀವಸತ್ತ್ವ ಇವು ಬೇಕು. ಆಮ್ಲಜನಕವು ಸಾಲದಾದಾಗ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ಇನ್ನಷ್ಟು ಕಣಗಳನ್ನು ತಯಾರಿಸುವಂತೆ ಮಜ್ಜೆಗೆ ಸೂಚನೆ ಕಳುಹುತ್ತವೆ. ಕೆರೆಗೆ ಬರುವ ನೀರೂ ಹೋಗುವ ನೀರೂ ಸಮನಾಗಿರುವವರೆಗೆ ಅದರ ಮಟ್ಟವು ಇಳಿಯದು; ರಕ್ತದ ಸಂಗತಿಯೂ ಹಾಗೆಯೇ.

ಎಚ್.ಐ.ವಿ. ಸೋಂಕಿನಲ್ಲಿ ಈ ಸಮತೋಲವು ಹಲವು ಕಡೆಗಳಿಂದ ಕೆಡುವುದುಂಟು. ಮೊದಲನೆಯದು, ಸೋಂಕಿನಿಂದಲೇ ದೇಹದಲ್ಲಿ ನಿರಂತರವಾಗಿ ಉಳಿಯುವ ಉರಿಯೂತ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚಾಗಿ ಸುರಿಸುತ್ತದೆ. ಅದು ಕರುಳು ಕಬ್ಬಿಣವನ್ನು ಹೀರದಂತೆಯೂ, ಕಬ್ಬಿಣವನ್ನು ಕೂಡಿಟ್ಟುಕೊಂಡಿರುವ ಜೀವಕೋಶಗಳು ಅದನ್ನು ಹೊರಕ್ಕೆ ಬಿಡದಂತೆಯೂ ತಡೆಯುತ್ತದೆ. ಕಣಜದಲ್ಲಿ ಧಾನ್ಯವಿದ್ದೂ ಬಾಗಿಲಿಗೆ ಬೀಗ ಬಿದ್ದರೆ ಮನೆಮಂದಿಯು ಹಸಿದಿರಬೇಕಾಗುವುದಷ್ಟೆ! ಅಂತಹ ರೋಗಿಗೆ ಕೇವಲ ಕಬ್ಬಿಣದ ಮಾತ್ರೆಗಳನ್ನು ನುಂಗಿಸಿದರೆ ಹೆಚ್ಚಿನ ಪ್ರಯೋಜನವಾಗದು.

ಎರಡನೆಯದು, ದೇಹದ ರಕ್ಷಣಾಶಕ್ತಿಯು ಕುಗ್ಗಿದಾಗ ಬಂದು ಸೇರುವ ಬೇರೆ ರೋಗಗಳು. ನಮ್ಮ ದೇಶದಲ್ಲಿ ಇವುಗಳಲ್ಲಿ ಕ್ಷಯವು ಮುಖ್ಯವಾದುದು. ಪಾರ್ವೊವೈರಸ್ ಬಿ-೧೯ ಎಂಬ ಇನ್ನೊಂದು ವೈರಸ್ಸು ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕೆಂಪು ಕಣಗಳನ್ನೇ ನಾಶಮಾಡುತ್ತದೆ. ಆರೋಗ್ಯವಂತರು ಅದನ್ನು ಬೇಗನೆ ಹತ್ತಿಕ್ಕುವರು, ರಕ್ಷಣಾಶಕ್ತಿ ಕುಗ್ಗಿದವರಲ್ಲಿ ಅದು ಬಹುಕಾಲ ನೆಲೆಸಬಹುದು. ಮೂರನೆಯದು, ಎಲ್ಲರನ್ನೂ ಕಾಡುವ ಸಾಮಾನ್ಯ ಕಾರಣಗಳು: ಸತ್ತ್ವವಿಲ್ಲದ ಆಹಾರ, ಕೊಕ್ಕೆಹುಳು, ಮುಟ್ಟಿನಲ್ಲಿ ಅತಿಯಾಗಿ ಹೋಗುವ ರಕ್ತ.

ನಾಲ್ಕನೆಯ ಕಾರಣವು ಔಷಧ. ಇದರ ಕಥೆ ಕುತೂಹಲಕರವಾದುದು. ಜಿಡೋವುಡಿನ್ ಎಂಬ ರಾಸಾಯನಿಕವನ್ನು ಅಮೆರಿಕದ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿಯು ೧೯೬೪ರಲ್ಲಿ ಅರ್ಬುದ ರೋಗಕ್ಕೆಂದು ತಯಾರಿಸಿದನು. ಅಲ್ಲಿ ಅದು ಫಲ ಕೊಡಲಿಲ್ಲ. ೧೯೮೭ರಲ್ಲಿ ಅದೇ ವಸ್ತುವು ಎಚ್.ಐ.ವಿ.ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊತ್ತಮೊದಲನೆಯ ಔಷಧವಾಯಿತು. ಅದರ ರಚನೆಯು ಡಿ.ಎನ್.ಎ. ಕಟ್ಟಲು ಬೇಕಾದ ಥೈಮಿಡಿನ್ ಎಂಬ ಘಟಕವನ್ನು ಹೋಲುವುದು. ವೈರಸ್ಸು ಮೋಸಹೋಗಿ ಅದನ್ನೇ ಪೋಣಿಸಿಕೊಂಡೊಡನೆ ಸರಪಣಿಯು ಮುಂದೆ ಬೆಳೆಯದೆ ನಿಲ್ಲುವುದು. ಆದರೆ ಎಡೆಬಿಡದೆ ಇಬ್ಭಾಗವಾಗುತ್ತಿರುವ ಮಜ್ಜೆಯ ಜೀವಕೋಶಗಳಿಗೂ ಡಿ.ಎನ್.ಎ. ಬೇಕಷ್ಟೆ, ಔಷಧವು ಅವುಗಳ ಕೆಲಸಕ್ಕೂ ಅಡ್ಡಿಯಾಗುವುದು. ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದ ಮೊದಲ ವರ್ಷಗಳಲ್ಲಿ ಅನೇಕ ರೋಗಿಗಳಿಗೆ ಹೊರಗಿನಿಂದ ರಕ್ತವನ್ನು ಕೊಡಬೇಕಾಗಿ ಬಂದಿತು. ನಮ್ಮ ಸರ್ಕಾರವು ೨೦೦೪ರ ಏಪ್ರಿಲ್ ೧ರಂದು ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಬಳಸಿದ ಔಷಧಗಳಲ್ಲಿಯೂ ಇದು ಸೇರಿದ್ದಿತು. ಇಂದು ಮೊದಲ ಚಿಕಿತ್ಸೆಯಾಗಿ ಸಾಮಾನ್ಯವಾಗಿ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್‌ಗಳ ಕೂಟವು ಮಜ್ಜೆಯನ್ನು ಹಾಗೆ ಬಾಧಿಸುವುದಿಲ್ಲ.

ಇಷ್ಟು ಕಾರಣಗಳಲ್ಲಿ ನಿಜವಾದುದನ್ನು ಹೇಗೆ ಹುಡುಕುವುದು? ರಕ್ತವೇ ಸುಳಿವನ್ನು ಕೊಡುತ್ತದೆ. ಕಬ್ಬಿಣದ ಕೊರತೆಯಿದ್ದರೆ ಕೆಂಪು ಕಣಗಳು ಸಾಮಾನ್ಯವಾಗಿ ಚಿಕ್ಕವಾಗಿರುವುವು. ಫೋಲಿಕ್ ಆಮ್ಲ ಅಥವಾ ಬಿ-೧೨ರ ಕೊರತೆಯಲ್ಲಿಯೂ, ಜಿಡೋವುಡಿನ್ ತೆಗೆದುಕೊಳ್ಳುವವರಲ್ಲಿಯೂ ಅವು ದೊಡ್ಡವಾಗಿರುವುವು. ಉರಿಯೂತವೇ ಕಾರಣವಾದರೆ ಗಾತ್ರವು ಬಹುಮಟ್ಟಿಗೆ ಎಂದಿನಂತೆಯೇ ಇರುವುದು. ಒಬ್ಬ ರೋಗಿಯಲ್ಲಿಯೇ ಎರಡು ಮೂರು ಕಾರಣಗಳು ಕೂಡಿರಬಹುದಾದುದರಿಂದ, ವೈದ್ಯರು ಈ ಸುಳಿವಿನ ಜೊತೆಗೆ ಕಫ, ಮಲ ಮುಂತಾದುವುಗಳ ಪರೀಕ್ಷೆಯನ್ನೂ ಮಾಡಿಸಿ ನಿರ್ಧಾರಕ್ಕೆ ಬರುವರು.

ಇದನ್ನು ಅಲಕ್ಷಿಸುವಂತಿಲ್ಲ. ಎಚ್.ಐ.ವಿ. ಸೋಂಕಿನವರಲ್ಲಿ ಹಿಮೊಗ್ಲೋಬಿನ್ ಇಳಿದಷ್ಟೂ ಸಾವಿನ ಅಪಾಯವು ಹೆಚ್ಚುವುದೆಂದು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಇನ್ನೊಂದು ಅಪಾಯವೂ ಉಂಟು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಆಯಾಸ, ತಲೆಸುತ್ತು ಇವುಗಳಿಂದ ಬೇಸತ್ತ ರೋಗಿಯು “ಈ ಮಾತ್ರೆಗಳೇ ನನ್ನ ರಕ್ತವನ್ನು ಹೀರುತ್ತಿವೆ” ಎಂದು ತಿಳಿದು, ಎಲ್ಲ ಔಷಧಗಳನ್ನೂ ತಾನಾಗಿ ನಿಲ್ಲಿಸಿಬಿಡಬಹುದು. ಆಗ ವೈರಸ್ಸು ಮತ್ತೆ ತಲೆಯೆತ್ತಿ ರಕ್ತಹೀನತೆಯೂ ಉಲ್ಬಣಿಸುವುದು. ತಪ್ಪು ನಿಜವಾಗಿಯೂ ಔಷಧದ್ದೇ ಆಗಿದ್ದರೆ, ವೈದ್ಯರು ಆ ಒಂದನ್ನು ತೆಗೆದು ಬೇರೊಂದನ್ನು ಕೊಡುವರು, ಚಿಕಿತ್ಸೆಯು ತುಂಡಾಗಬೇಕಾಗಿಲ್ಲ. ವೈರಸ್ಸು ಅಡಗಿ ಉರಿಯೂತವು ತಗ್ಗಿದಂತೆಲ್ಲ, ಹೆಚ್ಚಿನವರ ಹಿಮೊಗ್ಲೋಬಿನ್ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಏರತೊಡಗುತ್ತದೆ.

ಆದುದರಿಂದ “ರಕ್ತ ಕಡಮೆಯಾಗಿದೆ” ಎಂಬಲ್ಲಿಗೆ ನಮ್ಮ ತಿಳಿವಳಿಕೆಯು ಮುಗಿಯಬಾರದು. “ಏಕೆ ಕಡಮೆಯಾಯಿತು?” ಎಂದು ಕೇಳಿ, ಉತ್ತರವನ್ನು ಪಡೆದ ಮೇಲೆಯೇ ಮದ್ದನ್ನು ಕೊಡುವುದು ಸರಿಯಾದ ಕ್ರಮ.