ಸರ್ಕ್ಯೂಟ್ ಬೋರ್ಡ್: ಎಲ್ಲಿ ಉಳಿಸಬೇಕು, ಎಲ್ಲಿ ಬೇಡ

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಇರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರೈತರಿಗೆ ಮೊಬೈಲಿನಿಂದ ಪಂಪ್ ಚಾಲೂ ಮಾಡುವ ಸ್ಟಾರ್ಟರ್ ಮಾಡಿ ಮಾರುವ ಆಸೆಯಿರಲಿ, ಬೋರ್ಡ್ ಜೋಡಣೆಯ ಕೊಟೇಶನ್ ಕಂಡು ಗಾಬರಿಯಾಗಬೇಡಿ. ಮೊದಲು ಅದನ್ನು ಬಿಡಿಸಿ ಓದಿ.

ಖಾಲಿ ಬೋರ್ಡ್, ಬಿಡಿಭಾಗ, ಬೆಸುಗೆ ಕೂಲಿ, ಪರೀಕ್ಷೆ ಇವು ಸಂಖ್ಯೆಯ ಜೊತೆ ಏರುತ್ತವೆ. ಬೆಸುಗೆ ಪೇಸ್ಟ್ ಹಚ್ಚುವ ಸ್ಟೆನ್ಸಿಲ್ ಮತ್ತು ಯಂತ್ರ ಹೊಂದಿಸುವ ಖರ್ಚು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದು ₹5,000 ಎಂದಿಟ್ಟುಕೊಳ್ಳಿ. 5 ಬೋರ್ಡಿಗೆ ತಲಾ ₹1,000, 500ಕ್ಕೆ ತಲಾ ₹10. ಹಾಗಾಗಿ ಮೊದಲ ನಾಲ್ಕಾರನ್ನು ಕೈಯಲ್ಲೇ ಬೆಸೆಯಿರಿ. ವಿನ್ಯಾಸ ಗಟ್ಟಿಯಾದ ಮೇಲೆ ಒಟ್ಟಿಗೆ ಆರ್ಡರ್ ಕೊಡಿ.

ನಿಜವಾದ ಉಳಿತಾಯ ವಿನ್ಯಾಸದಲ್ಲಿದೆ. ಒಂದೊಂದು ಬಗೆಯ ಬಿಡಿಭಾಗಕ್ಕೂ ಯಂತ್ರಕ್ಕೆ ಬೇರೆ ಫೀಡರ್ (ಭಾಗಗಳನ್ನು ಅದಕ್ಕೆ ಒದಗಿಸುವ ಸಾಧನ) ಬೇಕು. 9.1, 10, 11 ಕಿಲೋಓಮ್ ಎಂದು ಹರಡಿಕೊಳ್ಳದೆ, ನಡೆಯುವ ಕಡೆಯೆಲ್ಲ 10 ಕಿಲೋಓಮ್ ಹಾಕಿ. ಎರಡು ಪದರ ಸಾಕಾದರೆ ನಾಲ್ಕಕ್ಕೆ ಹೋಗಬೇಡಿ. ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ಭಾಗಗಳೆಲ್ಲ ಒಂದೇ ಬದಿಗಿರಲಿ. ಬಿಡಿಭಾಗಗಳ ಪಟ್ಟಿಯಲ್ಲಿ ತಯಾರಕರ ಪಾರ್ಟ್ ನಂಬರ್ ಜೊತೆ ಪರ್ಯಾಯವನ್ನೂ ಬರೆದರೆ ಸ್ಟಾಕ್ ಇಲ್ಲವೆಂದು ಕೆಲಸ ನಿಲ್ಲದು.

ಮಾದರಿಗೆ ಬೇಕಾದ ಕನೆಕ್ಟರು, ರೆಸಿಸ್ಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತನ್ನಿ, ಮೈಕ್ರೋಕಂಟ್ರೋಲರನ್ನು ಅಧಿಕೃತ ವಿತರಕರಿಂದಲೇ ಕೊಳ್ಳಿ. ಅಗ್ಗದ ನಕಲಿ ಚಿಪ್ ಇಡೀ ಬೋರ್ಡನ್ನೇ ನುಂಗುತ್ತದೆ.

ವೇರಿಸ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಭಾಗ), ಫ್ಯೂಸ್, ಪರೀಕ್ಷೆಯಲ್ಲಿ ಮಾತ್ರ ಜಿಪುಣತನ ಬೇಡ. ಸಿಡಿಲು ಹೊಡೆದ ರಾತ್ರಿಯ ಮರುದಿನ ತೋಟದಿಂದ ತೋಟಕ್ಕೆ ರಿಪೇರಿಗೆ ಅಲೆಯುವ ಖರ್ಚು ಅವುಗಳ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.